ಜೀಪಿನ ಮುಂದಿನ ಮುಚ್ಚಳ ಹೇಳುವ ವಯಸ್ಸು

ಮೂಡಲಗಿ ಕಡೆಯ ಒಂದು ಹಳ್ಳಿಗೆ ಗೆಳೆಯನ ಜೊತೆ ಹಳೆ ಜೀಪ್ ನೋಡಲು ಹೋಗಿದ್ದೆ. ತಗಡಿನ ಶೆಡ್ಡಿನಲ್ಲಿ, ಕಬ್ಬಿನ ರವದಿ ನಡುವೆ ನಿಂತಿತ್ತು. ಬಾನೆಟ್ ಮೇಲೆ ದೊಡ್ಡ ಬಿಳಿ ನಕ್ಷತ್ರ. "ಮಹಾಯುದ್ಧದ ಗಾಡಿ ಐತ್ರಿ, ನಮ್ಮ ಅಜ್ಜ ಮಿಲಿಟ್ರಿ ಲಿಲಾವಿನ್ಯಾಗ ಹಿಡದದ್ದು" ಅಂದರು ಮನೆಯವರು. ಯುದ್ಧದ ಗಾಡಿ ಎಂಬ ಕಾರಣಕ್ಕೇ ರೇಟು ಏರಿತ್ತು. ನಮ್ಮ ಜೊತೆ ಬಂದಿದ್ದ ಗೋಕಾಕದ ವಯಸ್ಸಾದ ಮಿಸ್ತ್ರಿ ನಕ್ಷತ್ರದ ಕಡೆ ನೋಡಲೇ ಇಲ್ಲ. ಬಗ್ಗಿ ಎಂಜಿನ್ ಮುಂಭಾಗಕ್ಕೆ ಬ್ಯಾಟರಿ ಬಿಟ್ಟು, "ಟೈಮಿಂಗ್ ಕವರ್ ಬಿಚ್ಚೋಣು, ಅದ ಹೇಳತೈತಿ" ಅಂದರು.

ಈ ಎಂಜಿನ್ನಿಗೆ ಫ್ಲ್ಯಾಟ್‌ಹೆಡ್ ಎನ್ನುತ್ತಾರೆ. ಈಗಿನ ಎಂಜಿನ್‌ಗಳಲ್ಲಿ ವಾಲ್ವ್‌ಗಳು ಮೇಲೆ ಹೆಡ್ಡಿನಲ್ಲಿರುತ್ತವೆ. ಇದರಲ್ಲಿ ಅವು ಪಿಸ್ಟನ್ನಿನ ಪಕ್ಕದಲ್ಲಿ, ಬ್ಲಾಕಿನೊಳಗೇ ನಿಂತಿರುತ್ತವೆ. ಹೆಡ್ ಎಂದರೆ ಒಂದು ಚಪ್ಪಟೆ ಮುಚ್ಚಳ, ಅಷ್ಟೇ. ಅಮೆರಿಕದ ವಿಲ್ಲೀಸ್ ಕಂಪನಿಯ ಈ ನಾಲ್ಕು ಸಿಲಿಂಡರ್ ಎಂಜಿನ್ನಿನ ಮೂಲ 1920ರ ದಶಕದ ಒಂದು ಸಣ್ಣ ಕಾರಿನದು. ಬಾರ್ನಿ ರೂಸ್ ಎಂಬ ಎಂಜಿನಿಯರ್ ಅದನ್ನು ತಿದ್ದಿ ತಿದ್ದಿ 48 ಅಶ್ವಶಕ್ತಿಯಿಂದ 60ಕ್ಕೆ ಏರಿಸಿದರು. ಅಳತೆ 134 ಘನ ಇಂಚು, ಅಂದರೆ 2.2 ಲೀಟರ್. 1941ರಿಂದ 1945ರವರೆಗೆ ವಿಲ್ಲೀಸ್ ಮತ್ತು ಫೋರ್ಡ್ ಸೇರಿ ಆರು ಲಕ್ಷಕ್ಕೂ ಹೆಚ್ಚು ಜೀಪ್‌ಗಳನ್ನು ಇದೇ ಎಂಜಿನ್ ಕೂರಿಸಿ ಕಳಿಸಿದವು.

ನಮ್ಮ ದೇಶಕ್ಕೆ ಜೀಪ್ ಬಂದದ್ದು ಎರಡು ದಾರಿಯಲ್ಲಿ. ಯುದ್ಧ ಮುಗಿದ ಮೇಲೆ ಸೈನ್ಯ ಮಾರಿದ ಡಿಸ್ಪೋಸಲ್ ಗಾಡಿಗಳು ಒಂದು. 1940ರ ದಶಕದ ಕೊನೆಗೆ ಮುಂಬೈಯಲ್ಲಿ ಮಹೀಂದ್ರಾದವರು ಬಿಡಿಭಾಗ ತರಿಸಿ ಜೋಡಿಸಲು ಶುರುಮಾಡಿದ ಗಾಡಿಗಳು ಇನ್ನೊಂದು. ಆ ಕಂಪನಿ 1945ರಲ್ಲಿ ಹುಟ್ಟಿದಾಗ ಹೆಸರು ಮಹೀಂದ್ರಾ ಆ್ಯಂಡ್ ಮೊಹಮ್ಮದ್. ಪಾಲುದಾರ ಗುಲಾಮ್ ಮೊಹಮ್ಮದ್ ದೇಶ ವಿಭಜನೆಯಾದಾಗ ಪಾಕಿಸ್ತಾನಕ್ಕೆ ಹೋಗಿ ಅಲ್ಲಿನ ಮೊದಲ ಹಣಕಾಸು ಮಂತ್ರಿಯಾದರು. 1948ರಲ್ಲಿ ಇಲ್ಲಿ ಹೆಸರು ಬದಲಾಯಿತು. ಮಳೆ ಬಿದ್ದರೆ ಕಾಲು ಹೂತುಹೋಗುವ ನಮ್ಮ ಎರಿ ಹೊಲದ ದಾರಿಗೆ ನಾಲ್ಕೂ ಗಾಲಿ ಎಳೆಯುವ ಗಾಡಿ ಯಾಕೆ ಒಗ್ಗಿತು ಅಂತ ನಿಮಗೆ ಹೇಳಬೇಕಿಲ್ಲ.

ಈಗ ಮುಚ್ಚಳದ ವಿಷಯ. ಕೆಳಗಿನ ಕ್ರ್ಯಾಂಕ್ ಎರಡು ಸುತ್ತು ತಿರುಗಿದರೆ, ವಾಲ್ವ್ ಎತ್ತುವ ಕ್ಯಾಮ್ ಒಂದು ಸುತ್ತು ತಿರುಗಬೇಕು. ಯುದ್ಧಕಾಲದ ಎಂಜಿನ್ನಿನಲ್ಲಿ ಈ ಎರಡನ್ನೂ ಸೇರಿಸುವುದು ಚೈನು. ಯುದ್ಧದ ನಂತರ ರೈತರಿಗೆಂದು ಮಾಡಿದ ಸಿಜೆ–2ಎ ಜೀಪ್ ತಯಾರಾಗುತ್ತಿದ್ದ ಕಾಲದಲ್ಲೇ ಕಂಪನಿ ಚೈನು ಬಿಟ್ಟು ಗೇರ್ ಹಾಕಿತು. ಹಾಗಾಗಿ ಒಳಗೆ ಗೇರ್ ಇದ್ದರೆ ಎಂಜಿನ್ ಯುದ್ಧದ್ದಲ್ಲ. ಚೈನು ಇದ್ದರೆ ಯುದ್ಧದ್ದು ಇರಬಹುದು, ಮೊದಮೊದಲ ಸಿಜೆಯದೂ ಇರಬಹುದು. ಬಾಡಿ ಯಾವುದೆಂದು ಬೇರೆ ನೋಡಬೇಕು: ಮುಂದಿನ ಜಾಳಿಗೆಯ ಒತ್ತುತಗಡಿನಲ್ಲಿ ಒಂಬತ್ತು ಸೀಳು ಇದ್ದರೆ ಯುದ್ಧದ ನಮೂನೆ, ಏಳಿದ್ದರೆ ಸಿಜೆ.

ಕವರ್ ಬಿಚ್ಚದೆಯೂ ಪತ್ತೆ ಹಚ್ಚಬಹುದು. ಚೈನಿನಲ್ಲಿ ಕ್ಯಾಮ್ ಕ್ರ್ಯಾಂಕಿನ ದಿಕ್ಕಿಗೇ ತಿರುಗುತ್ತದೆ, ಗೇರಿನಲ್ಲಿ ಉಲ್ಟಾ. ಬ್ಯಾಟರಿ ತಂತಿ ಕಳಚಿ, ಎಡಬದಿಯ ಪೆಟ್ರೋಲ್ ಪಂಪ್ ಬಿಚ್ಚಿ, ಆ ತೂತಿನಲ್ಲಿ ಕಾಣುವ ಕ್ಯಾಮ್ ಮೇಲೆ ಸೀಮೆಸುಣ್ಣದ ಗುರುತು ಹಾಕಿ, ಹ್ಯಾಂಡಲ್ ನಿಧಾನಕ್ಕೆ ತಿರುಗಿಸಿ. ಗುರುತು ಕೆಳಗಿಳಿದರೆ ಚೈನು, ಮೇಲೇರಿದರೆ ಗೇರು. ಬೆರಳು ಮಾತ್ರ ತೂತಿನೊಳಗೆ ಇಡಬೇಡಿ.

ದಿಕ್ಕು ಬೇರೆಯಾದ್ದರಿಂದಲೇ ಒಂದರ ಕ್ಯಾಮ್, ಆಯಿಲ್ ಪಂಪ್ ಇನ್ನೊಂದಕ್ಕೆ ಆಗುವುದಿಲ್ಲ. ಕವರ್ ಕೂಡ ಕಣ್ಣಿಗೆ ಒಂದೇ ಥರ ಕಂಡರೂ ಕೆಲಸ ಬೇರೆ. ಚೈನಿನ ಎಂಜಿನ್ನಿನಲ್ಲಿ ಕ್ಯಾಮ್ ತುದಿಯಲ್ಲಿ ಸ್ಪ್ರಿಂಗ್ ಮತ್ತು ಒಂದು ಸಣ್ಣ ಪ್ಲಂಜರ್ ಇರುತ್ತದೆ. ಅದು ಕವರಿನ ಒಳಮೈಗೆ ಒತ್ತಿ ನಿಂತು ಕ್ಯಾಮ್ ಹಿಂದೆ ಮುಂದೆ ಸರಿಯದಂತೆ ಹಿಡಿಯುತ್ತದೆ. ಕವರ್ ಎಳೆದಾಗ ಅದು ಜಿಗಿದು ಮಣ್ಣಿಗೆ ಬೀಳುತ್ತದೆ; ಹುಡುಕದೆ ಕವರ್ ಮುಚ್ಚಿದವರಿಗೆ ಆಮೇಲೆ ಕಟಕಟ ಸದ್ದು ಎಲ್ಲಿಂದ ಅಂತ ತಿಳಿಯುವುದಿಲ್ಲ. ಹಾಕುವಾಗ ಗ್ರೀಸ್ ಮೆತ್ತಿದರೆ ನಿಲ್ಲುತ್ತದೆ. ಗೇರಿನ ಎಂಜಿನ್ನಿನಲ್ಲಿ ಪ್ಲಂಜರ್ ಇಲ್ಲ, ಬ್ಲಾಕಿಗೆ ಎರಡು ಬೋಲ್ಟಿನ ಒಂದು ಪ್ಲೇಟು ಆ ಕೆಲಸ ಮಾಡುತ್ತದೆ.

ಮುಚ್ಚುವ ಮೊದಲು ಎರಡೂ ಚಕ್ರದ ಗುರುತುಗಳು ಎದುರುಬದುರು ಬಂದಿವೆಯೇ ನೋಡಿ, ಹ್ಯಾಂಡಲ್ಲಿನಿಂದ ಪೂರ್ತಿ ಎರಡು ಸುತ್ತು ತಿರುಗಿಸಿ ಮತ್ತೆ ನೋಡಬೇಕು. ಚಕ್ರ ಮತ್ತು ಪುಲ್ಲಿ ನಡುವಿನ ತಟ್ಟೆಯಂಥ ಆಯಿಲ್ ಸ್ಲಿಂಗರ್ ಮರೆತರೆ ಹೊಸ ಸೀಲ್ ಹಾಕಿದರೂ ಆಯಿಲ್ ಸೋರುತ್ತದೆ. ಕವರ್ ಬೋಲ್ಟ್‌ಗಳನ್ನು ಸಡಿಲ ಇಟ್ಟು, ಪುಲ್ಲಿ ಕೂರಿಸಿ ಸೀಲ್ ನಡುವಿಗೆ ಬಂದ ಮೇಲೆ ಬಿಗಿಯುವುದು ಮಿಸ್ತ್ರಿಯವರ ರೂಢಿ. ಪುಲ್ಲಿಯನ್ನು ಸ್ಕ್ರೂಡ್ರೈವರ್ ತುರುಕಿ ಎಬ್ಬಿಸುವವರನ್ನು ಕಂಡರೆ ಅವರಿಗೆ ಸಿಟ್ಟು. ಪುಲ್ಲರ್ ಬಾಡಿಗೆಗೂ ಸಿಗುತ್ತದೆ.

ಇನ್ನೊಂದು ಉಪಯೋಗದ ಮಾತು. 1953ರಲ್ಲಿ ಬಂದ ಎತ್ತರ ಬಾನೆಟ್ಟಿನ ಸಿಜೆ–3ಬಿಯನ್ನು ಮಹೀಂದ್ರಾದವರು ಇಲ್ಲಿ ವರ್ಷಗಟ್ಟಲೆ ಮಾಡಿದರು. ಅದರಲ್ಲಿ ಒಂದು ವಾಲ್ವ್ ಮೇಲೆ, ಒಂದು ಪಕ್ಕದಲ್ಲಿ; ಹೆಡ್ ಎತ್ತರವಾದ್ದಕ್ಕೇ ಬಾನೆಟ್ ಎತ್ತರ. ಆದರೆ ಕೆಳಗಿನ ಬ್ಲಾಕ್ ಅದೇ ಮನೆತನದ್ದು. ಗೇರಿನ ಫ್ಲ್ಯಾಟ್‌ಹೆಡ್ ಇದ್ದವರು ಅದರ ಟೈಮಿಂಗ್ ಸಾಮಾನು ಹುಡುಕಬಹುದು. ಹಳೆಯದನ್ನು ಕೈಯಲ್ಲೇ ಒಯ್ದು ಹಲ್ಲು ಎಣಿಸಿ ತರಬೇಕು. ಚೈನಿನವರಿಗೆ ಈ ದಾರಿ ಇಲ್ಲ.

ಆ ಶೆಡ್ಡಿನಲ್ಲಿ ಕವರ್ ಬಿಚ್ಚಿದಾಗ ಕಂಡದ್ದು ಗೇರು. ಜಾಳಿಗೆಯ ಸೀಳು ಎಣಿಸಿದೆವು, ಏಳು. ಮನೆಯವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರ ನಮ್ಮ ಅಜ್ಜ ಸುಳ್ಳು ಹೇಳಿದನೇನ್ರಿ?" ಅಂದರು. ಮಿಸ್ತ್ರಿ ಕೈ ಒರೆಸಿಕೊಳ್ಳುತ್ತ, "ಅಜ್ಜ ಲಿಲಾವಿನ್ಯಾಗ ಹಿಡದದ್ದು ಖರೇ ಇರಬೇಕು, ಯುದ್ಧ ಆದ ಮ್ಯಾಲಿನ ಗಾಡಿನೂ ಸರಕಾರ ಲಿಲಾವು ಮಾಡತಿತ್ತು" ಅಂದರು. ರೇಟು ಇಳಿಯಿತು, ಆದರೂ ಅವತ್ತು ವ್ಯಾಪಾರ ಮುಗಿಯಲಿಲ್ಲ. ಮಿಸ್ತ್ರಿ ಹೊಸ ಪ್ಯಾಕಿಂಗ್ ಕತ್ತರಿಸಿ ಕವರ್ ಮುಚ್ಚಿ, ಆಯಿಲ್ ಸೋರುವುದನ್ನು ನಿಲ್ಲಿಸಿ, ಚಹಾ ಕುಡಿದು ಎದ್ದರು.