ತಾಯಿಯ ಸನ್ನೆ, ಮಗುವಿನ ಸನ್ನೆ: ಶೌಚಾಭ್ಯಾಸದ ವಿಧಾನಗಳ ಒಂದು ವಿವೇಚನೆ

ಎಳೆಯ ಮಗುವಿಗೆ ಮಲಮೂತ್ರಗಳನ್ನು ಗೊತ್ತಾದ ಜಾಗದಲ್ಲಿ ವಿಸರ್ಜಿಸುವುದನ್ನು ರೂಢಿ ಮಾಡಿಸುವ ಕ್ರಮವನ್ನು ಇಲ್ಲಿ ಶೌಚಾಭ್ಯಾಸ ಎಂದು ಕರೆಯಲಾಗಿದೆ. ಇದನ್ನು ಕುರಿತ ವೈದ್ಯಕೀಯ ಸಾಹಿತ್ಯ ಬಹುಮಟ್ಟಿಗೆ ಅಭ್ಯಾಸವನ್ನು ಯಾವ ವಯಸ್ಸಿನಲ್ಲಿ ಆರಂಭಿಸಬೇಕು ಎಂಬ ಪ್ರಶ್ನೆಯ ಸುತ್ತ ಬೆಳೆದುಬಂದಿದೆ. ವಯಸ್ಸಿನ ಬಗೆಗಿನ ಭಿನ್ನಾಭಿಪ್ರಾಯಗಳ ತಳದಲ್ಲಿ ಅದಕ್ಕಿಂತ ಮೂಲಭೂತವಾದ ಇನ್ನೊಂದು ಪ್ರಶ್ನೆ ಇದೆ: ವಿಸರ್ಜನೆಯ ಹೊತ್ತನ್ನು ತಿಳಿಸುವ ಸನ್ನೆಯನ್ನು ಕೊಡುವವರು ಯಾರು, ಅದನ್ನು ಗುರುತಿಸುವವರು ಯಾರು? ಈ ಪ್ರಶ್ನೆಯನ್ನು ಮುಂದಿಟ್ಟುಕೊಂಡು ನೋಡಿದಾಗ ಪರಸ್ಪರ ವಿರುದ್ಧವೆಂದು ತೋರುವ ವಿಧಾನಗಳು ವಾಸ್ತವವಾಗಿ ಬೇರೆಬೇರೆ ಗುರಿಗಳನ್ನು ಇಟ್ಟುಕೊಂಡಿವೆ ಎಂಬುದು ಸ್ಪಷ್ಟವಾಗುತ್ತದೆ.

ಶೌಚಾಭ್ಯಾಸದ ಶಾರೀರಿಕ ಆಧಾರ ಸರಳವಾದುದು. ಮೂತ್ರಕೋಶ ತುಂಬಿದಾಗ ಅದರ ಗೋಡೆಯ ಸ್ನಾಯು ಸಂಕುಚಿತಗೊಳ್ಳುತ್ತದೆ, ಹೊರದಾರಿಯನ್ನು ಬಿಗಿಹಿಡಿದ ಉಂಗುರಾಕಾರದ ಸ್ನಾಯು ಸಡಿಲುತ್ತದೆ. ಈ ಎರಡರ ಮೇಲೂ ಮಿದುಳಿನ ಹಿಡಿತ ಮೊದಲ ಕೆಲವು ವರ್ಷಗಳಲ್ಲಿ ಕ್ರಮೇಣ ಬಲಿಯುತ್ತದೆ. ಸಾಮಾನ್ಯವಾಗಿ ಮಲದ ಮೇಲಿನ ಹಿಡಿತ ಮೊದಲು, ಹಗಲಿನ ಮೂತ್ರದ ಮೇಲಿನ ಹಿಡಿತ ಅನಂತರ, ರಾತ್ರಿಯದು ಕೊನೆಗೆ ಸಿದ್ಧಿಸುತ್ತದೆ. ಐದು ವರ್ಷ ತುಂಬುವವರೆಗೆ ಮಗು ಹಾಸಿಗೆಯಲ್ಲಿ ಮೂತ್ರ ಮಾಡುವುದನ್ನು ವೈದ್ಯಶಾಸ್ತ್ರ ರೋಗವೆಂದು ಎಣಿಸುವುದಿಲ್ಲ.

ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಅಮೆರಿಕದ ತಾಯಂದಿರಿಗೆ ದೊರೆಯುತ್ತಿದ್ದ ಸಲಹೆ ಕಟ್ಟುನಿಟ್ಟಾಗಿತ್ತು. ಅಲ್ಲಿನ ಸರಕಾರದ ಮಕ್ಕಳ ಇಲಾಖೆ 1914ರಿಂದ ಪ್ರಕಟಿಸುತ್ತ ಬಂದ ಶಿಶುಪಾಲನೆಯ ಕೈಪಿಡಿ ಮೊದಲ ವರ್ಷದೊಳಗೇ, ಗಡಿಯಾರ ನೋಡಿ ಅಭ್ಯಾಸ ಮಾಡಿಸುವ ಪದ್ಧತಿಯನ್ನು ಬೋಧಿಸುತ್ತಿತ್ತು. 1946ರಲ್ಲಿ ಮಕ್ಕಳ ವೈದ್ಯ ಬೆಂಜಮಿನ್ ಸ್ಪಾಕ್ ಅವರ ಶಿಶುಪಾಲನೆಯ ಗ್ರಂಥ ಈ ಬಿಗಿಯನ್ನು ಸಡಿಲಿಸಿತು. ಇನ್ನೊಬ್ಬ ಮಕ್ಕಳ ವೈದ್ಯ ಬೆರಿ ಬ್ರೇಜಲ್ಟನ್ 1962ರಲ್ಲಿ ಪ್ರಕಟಿಸಿದ ಅಧ್ಯಯನ ಸನ್ನೆಯ ದಿಕ್ಕನ್ನೇ ತಿರುಗಿಸಿತು. 1,170 ಮಕ್ಕಳನ್ನು ಆಧರಿಸಿದ ಈ ಅಧ್ಯಯನದ ಪ್ರಕಾರ ಸುಮಾರು ಹದಿನೆಂಟು ತಿಂಗಳಿನಿಂದ ಮಗುವಿನ ಆಸಕ್ತಿ ಮತ್ತು ಸಿದ್ಧತೆಯ ಚಿಹ್ನೆಗಳನ್ನು ಕಾಯುತ್ತ, ಒತ್ತಾಯವಿಲ್ಲದೆ ಹೆಜ್ಜೆಹೆಜ್ಜೆಯಾಗಿ ಮುಂದುವರಿಯಬೇಕು; ಹಾಗೆ ಮುಂದುವರಿದ ಮಕ್ಕಳು ಹಗಲಿನ ಹಿಡಿತವನ್ನು ಸರಾಸರಿ 28.5 ತಿಂಗಳಿಗೆ ಪಡೆದರು. ಸಿದ್ಧತೆ ಎಂದರೆ ಇಲ್ಲಿ ನಡೆಯುವುದು, ಕೂರುವುದು, ಸರಳ ಮಾತನ್ನು ಗ್ರಹಿಸುವುದು, ಎರಡು ಗಂಟೆಯಷ್ಟಾದರೂ ಬಟ್ಟೆ ಒಣಗಿರುವುದು, ಒದ್ದೆಯಾದುದನ್ನು ಮಗು ತಾನೇ ತಿಳಿಸುವುದು ಮುಂತಾದವುಗಳ ಕೂಟ. ಈ ವಿಧಾನದಲ್ಲಿ ಸನ್ನೆ ಕೊಡುವುದು ಮಗು, ಕಾಯುವವರು ಹಿರಿಯರು.

ಅದೇ ದೇಶದಲ್ಲಿ ಮನಶ್ಶಾಸ್ತ್ರಜ್ಞರಾದ ನೇಥನ್ ಅಜ್ರಿನ್ ಮತ್ತು ರಿಚರ್ಡ್ ಫಾಕ್ಸ್ 1973ರಲ್ಲಿ ಇದಕ್ಕೆ ತೀರ ಭಿನ್ನವಾದ ತ್ವರಿತ ವಿಧಾನವೊಂದನ್ನು ಮಂಡಿಸಿದರು. ಮಗುವಿಗೆ ಹೆಚ್ಚು ಪಾನೀಯ ಕುಡಿಸಿ, ಗೊಂಬೆಯ ಮೂಲಕ ಕ್ರಿಯೆಯನ್ನು ತೋರಿಸಿ, ಒಣಗಿದ ಚಡ್ಡಿಗೂ ಸರಿಯಾದ ವಿಸರ್ಜನೆಗೂ ಬಹುಮಾನ ಕೊಟ್ಟು ಅವರು ಅಭ್ಯಾಸ ಮಾಡಿಸಿದ 34 ಮಕ್ಕಳು ಸರಾಸರಿ 3.9 ಗಂಟೆಗಳಲ್ಲಿ ಕಲಿತರೆಂದು ವರದಿಯಾಯಿತು. ತಪ್ಪಾದಾಗ ಮಗುವನ್ನು ಮತ್ತೆ ಮತ್ತೆ ಶೌಚದ ಜಾಗಕ್ಕೆ ನಡೆಸಿ ಕೂರಿಸುವ ಅಂಶವೂ ಇದರಲ್ಲಿ ಸೇರಿತ್ತು. ನುರಿತವರ ಕೈಯಲ್ಲಿ ಅದು ಪುನರಭ್ಯಾಸವಾಗಿರಬಹುದು. ದಣಿದ ಹಿರಿಯರ ಕೈಯಲ್ಲಿ ಅದು ಶಿಕ್ಷೆಯಾಗಿ ಪರಿಣಮಿಸುವುದಕ್ಕೆ ಹೆಚ್ಚು ಹೊತ್ತು ಬೇಕಿಲ್ಲ, ಆದ್ದರಿಂದ ಆ ಅಂಶವನ್ನು ಮನೆಯ ಬಳಕೆಗೆ ಸೂಚಿಸುವುದು ಸಾಧುವಲ್ಲ. 2006ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಪುರಾವೆಗಳ ಸಮೀಕ್ಷೆ ಆರೋಗ್ಯವಂತ ಮಕ್ಕಳಲ್ಲಿ ಎರಡೂ ವಿಧಾನಗಳು ಫಲಿಸಬಲ್ಲವೆಂದು ಕಂಡುಕೊಂಡರೂ ಒಂದನ್ನು ಇನ್ನೊಂದಕ್ಕಿಂತ ಮೇಲೆಂದು ನಿಲ್ಲಿಸಲಿಲ್ಲ.

ಈ ಚರ್ಚೆಯನ್ನು ಅಸ್ಥಿರಗೊಳಿಸಿದ್ದು 1977ರಲ್ಲಿ ಡಿ ವ್ರೀಸ್ ದಂಪತಿ ಪ್ರಕಟಿಸಿದ, ಪೂರ್ವ ಆಫ್ರಿಕದ ಡಿಗೊ ಜನರನ್ನು ಕುರಿತ ಬರೆಹ. ಡಿಗೊ ತಾಯಂದಿರು ಮಗು ಹುಟ್ಟಿದ ಕೆಲವೇ ವಾರಗಳಿಗೆ ಅದನ್ನು ನಿರ್ದಿಷ್ಟ ಭಂಗಿಯಲ್ಲಿ ಕಾಲುಗಳ ನಡುವೆ ಹಿಡಿದು ‘ಶುಸ್’ ಎಂಬ ಸದ್ದು ಮಾಡುತ್ತಾರೆ, ಮತ್ತು ಐದಾರು ತಿಂಗಳ ಹೊತ್ತಿಗೆ ಮಗು ಆ ಸದ್ದಿಗೂ ಭಂಗಿಗೂ ಸ್ಪಂದಿಸಿ ವಿಸರ್ಜಿಸುತ್ತದೆ. ಈ ವಿವರಣೆಯನ್ನು ಓದುವ ಕನ್ನಡಿಗರಿಗೆ ಅದರಲ್ಲಿ ಅಚ್ಚರಿಯೇನೂ ಕಾಣದು. ಕಾಲು ಚಾಚಿ ಕುಳಿತು ಪಾದಗಳ ಮೇಲೆ ಮಗುವನ್ನು ಕೂರಿಸಿಕೊಂಡು ‘ಸುಸ್ಸ್’ ಎನ್ನುವುದು, ನಿದ್ದೆಯಿಂದ ಎದ್ದೊಡನೆ ಮತ್ತು ಹಾಲು ಕುಡಿದ ಸ್ವಲ್ಪ ಹೊತ್ತಿಗೆ ಹಾಗೆ ಕೂರಿಸುವುದು ಇಲ್ಲಿನ ಬಾಣಂತನದ ಮನೆಗಳಲ್ಲಿ ಅಜ್ಜಿಯರಿಂದ ಬಂದ ತಿಳಿವಳಿಕೆ. ಹೊಟ್ಟೆ ತುಂಬಿದೊಡನೆ ದೊಡ್ಡ ಕರುಳು ಚುರುಕಾಗುವುದು ಶರೀರಶಾಸ್ತ್ರ ಒಪ್ಪಿರುವ ಸಂಗತಿಯಾದ್ದರಿಂದ ಹೊತ್ತಿನ ಆಯ್ಕೆಯಲ್ಲೂ ಈ ರೂಢಿ ಎಡವಿಲ್ಲ.

ಹಾಗೆಂದು ಆರು ತಿಂಗಳ ಕೂಸು ಶೌಚಾಭ್ಯಾಸ ಮುಗಿಸಿತು ಎನ್ನುವುದು ಸರಿಯಾಗದು. ಮಕ್ಕಳ ವೈದ್ಯ ರೆಮೊ ಲಾರ್ಗೊ ಮತ್ತು ಸಹೋದ್ಯೋಗಿಗಳು ಜ್ಯೂರಿಕ್‌ನ ಎರಡು ತಲೆಮಾರಿನ ಮಕ್ಕಳನ್ನು ಹೋಲಿಸಿ 1996ರಲ್ಲಿ ತೋರಿಸಿದಂತೆ, ಬೇಗ ಮತ್ತು ತೀವ್ರವಾಗಿ ಅಭ್ಯಾಸ ಮಾಡಿಸಿದ ಮಾತ್ರಕ್ಕೆ ಮೂತ್ರದ ಮೇಲಿನ ಪೂರ್ಣ ಹಿಡಿತ ಬೇಗ ಬರಲಿಲ್ಲ. ಇಲ್ಲಿ ಎರಡು ಸಾಧನೆಗಳನ್ನು ಬಿಡಿಸಿ ನೋಡುವುದು ಅಗತ್ಯ: ಹಿರಿಯರ ನೆರವಿನಿಂದ ಸರಿಯಾದ ಜಾಗದಲ್ಲಿ ವಿಸರ್ಜಿಸುವುದು ಒಂದು, ತಾನೇ ಅರಿತು, ಹೇಳಿ, ಹೋಗಿ, ಬಟ್ಟೆ ಕಳಚಿ, ತೊಳೆದುಕೊಂಡು ಬರುವುದು ಇನ್ನೊಂದು. ಡಿಗೊ ತಾಯಿ ಮತ್ತು ಕನ್ನಡದ ಅಜ್ಜಿ ಸಾಧಿಸುವುದು ಮೊದಲನೆಯದನ್ನು, ಬ್ರೇಜಲ್ಟನ್ ಅಳೆದದ್ದು ಎರಡನೆಯದಕ್ಕೆ ಹತ್ತಿರವಾದುದನ್ನು. ಭಾರತದಲ್ಲಿ ಮಕ್ಕಳ ಬೆಳವಣಿಗೆಯನ್ನು ಅಳೆಯಲು ಬಳಕೆಯಲ್ಲಿರುವ ವೈನ್‌ಲ್ಯಾಂಡ್ ಸಾಮಾಜಿಕ ಪಕ್ವತೆಯ ಮಾಪಕವೂ ಶೌಚಕ್ಕೆ ಹೋಗಬೇಕೆಂದು ಕೇಳುವುದನ್ನೂ ಶೌಚದಲ್ಲಿ ತನ್ನನ್ನು ತಾನೇ ನೋಡಿಕೊಳ್ಳುವುದನ್ನೂ ಪ್ರತ್ಯೇಕ ಮೆಟ್ಟಿಲುಗಳಾಗಿಯೇ ಇಟ್ಟಿದೆ.

ಜಾಗದ ಪ್ರಶ್ನೆಗೆ ಈ ಸಾಹಿತ್ಯದಲ್ಲಿ ಸಲ್ಲಬೇಕಾದಷ್ಟು ಗಮನ ಸಂದಿಲ್ಲ. ಚರಕಸಂಹಿತೆ ಶಾರೀರಸ್ಥಾನದ ಎಂಟನೆಯ ಅಧ್ಯಾಯದಲ್ಲಿ ಕುಮಾರಾಗಾರವನ್ನು, ಅಂದರೆ ಶಿಶುವಿನ ಕೋಣೆಯನ್ನು ವಿವರಿಸುವಾಗ ಮಲಮೂತ್ರಗಳಿಗೆ ಪ್ರತ್ಯೇಕ ಸ್ಥಳವಿರಬೇಕೆಂದು ಹೇಳುತ್ತದೆ. ಮಲಮೂತ್ರಗಳ ವೇಗವನ್ನು, ಅಂದರೆ ಒತ್ತಡವನ್ನು, ತಡೆಯಬಾರದೆಂಬ ವಿಧಿ ಅದೇ ಗ್ರಂಥದ ಸೂತ್ರಸ್ಥಾನದಲ್ಲಿದೆ. ಜಾಗದಷ್ಟೇ ಕೂರುವ ಭಂಗಿಯೂ ಮುಖ್ಯ: ಕುಕ್ಕರುಗಾಲಿನಲ್ಲಿ ಕುಳಿತಾಗ ಗುದನಾಳದ ಬಾಗು ನೇರವಾಗಿ ಮಲ ಸುಲಭವಾಗಿ ಹೊರಬರುತ್ತದೆ. ಆದ್ದರಿಂದ ಎತ್ತರದ ಕಮೋಡಿನ ಮೇಲೆ ಕಾಲು ಜೋತಾಡಿಸಿ ಕೂರುವ ಮಗುವಿನ ಪಾದಕ್ಕೆ ಮಣೆಯ ಆಸರೆ ಬೇಕು. ನೆಲದ ಶೌಚಗುಂಡಿಯ ಮೇಲೆ ಬೀಳುವ ಭಯವಿದ್ದರೆ ಚಿಕ್ಕ ಶೌಚಪಾತ್ರೆ (ಪಾಟಿ) ಸಾಕು. ಈ ಭಯವನ್ನೂ ಗಟ್ಟಿ ಮಲದ ನೋವನ್ನೂ ಹಟವೆಂದು ತಿಳಿಯುವುದು ದೊಡ್ಡ ಪ್ರಮಾದ. ಅಮೆರಿಕದ ಮಕ್ಕಳ ವೈದ್ಯ ಬ್ರೂಸ್ ಟೌಬ್‌ಮನ್ 1997ರಲ್ಲಿ ವರದಿ ಮಾಡಿದ 482 ಮಕ್ಕಳಲ್ಲಿ ಶೇಕಡಾ 22ರಷ್ಟು ಮಕ್ಕಳು ಒಂದು ಹಂತದಲ್ಲಿ ಮಲವಿಸರ್ಜನೆಗೆ ಶೌಚಾಲಯವನ್ನು ಒಲ್ಲೆನೆಂದಿದ್ದರು. ಒಮ್ಮೆ ನೋವುಂಡ ಮಗು ಮಲವನ್ನು ತಡೆಯುತ್ತದೆ, ತಡೆದ ಮಲ ಇನ್ನಷ್ಟು ಗಟ್ಟಿಯಾಗುತ್ತದೆ, ನೋವು ಮರುಕಳಿಸುತ್ತದೆ. ಗದರಿಕೆಯಿಂದ ಈ ಸುತ್ತು ಬಿಗಿಯಾಗುತ್ತದೆಯೇ ಹೊರತು ಕಳಚುವುದಿಲ್ಲ. ಮೊದಲು ಮಲಬದ್ಧತೆಗೆ ವೈದ್ಯರಿಂದ ಪರಿಹಾರ ಪಡೆದು, ಅಭ್ಯಾಸವನ್ನು ಕೆಲವು ವಾರ ಬದಿಗಿಡುವುದು ಉಚಿತ.

ಡಯಾಪರ್ ಬಂದ ಮೇಲೆ ಒದ್ದೆಯ ಅನುಭವ ಮಗುವಿಗೂ ಅದರ ಸುಳಿವು ತಾಯಿಗೂ ಮರೆಯಾಗುತ್ತದೆ, ಅಂದರೆ ಸನ್ನೆಯ ಎರಡೂ ತುದಿಗಳು ಮಂಕಾಗುತ್ತವೆ. ದುಡಿಯುವ ತಾಯಿಗೆ ಅದನ್ನು ಬಿಡಿ ಎನ್ನುವುದು ನ್ಯಾಯವಲ್ಲವಾದರೂ ಮನೆಯಲ್ಲಿರುವ ಹಗಲಿನ ಕೆಲವು ಗಂಟೆಗಳನ್ನು ಅದಿಲ್ಲದೆ ಕಳೆಯುವುದು ಬಹುತೇಕ ಕುಟುಂಬಗಳಿಗೆ ಸಾಧ್ಯ. ಕರ್ನಾಟಕದಲ್ಲಿ ಇಂದು ಈ ಹೊಣೆ ಮನೆಯಿಂದ ಆಚೆಗೂ ಹರಡಿದೆ. ಗ್ರಾಮೀಣ ಉದ್ಯೋಗ ಖಾತರಿಯ ಕೂಲಿಗೆ ಹೋಗುವ ತಾಯಂದಿರ ಎಳೆಯ ಮಕ್ಕಳಿಗಾಗಿ ಗ್ರಾಮ ಪಂಚಾಯಿತಿಗಳಲ್ಲಿ ತೆರೆದಿರುವ ‘ಕೂಸಿನ ಮನೆ’ಗಳಲ್ಲಿ, ಅಂಗನವಾಡಿಗಳಲ್ಲಿ, ನಗರದ ಶಿಶುವಿಹಾರಗಳಲ್ಲಿ ಮಗುವಿನ ಸನ್ನೆಯನ್ನು ಗುರುತಿಸುವವರು ಅಜ್ಜಿಯಲ್ಲ, ಆರೈಕೆದಾರರು. ಒಂದು ಮನೆಯಲ್ಲಿ ‘ಉಚ್ಚೆ’ ಎನ್ನುವುದನ್ನು ಇನ್ನೊಂದು ಮನೆಯ ಮಗು ‘ಸುಸ್ಸು’ ಎನ್ನುತ್ತದೆ, ‘ಕಕ್ಕ’ ಎಂಬಲ್ಲಿ ಮತ್ತೊಂದು ‘ಎರಡಕ್ಕೆ’ ಎನ್ನುತ್ತದೆ, ಇನ್ನೂ ಮಾತು ಬಾರದ ಮಗು ಮೂಲೆಗೆ ಸರಿದು ಸುಮ್ಮನೆ ನಿಲ್ಲುತ್ತದೆ. ಸೇರಿಸಿಕೊಳ್ಳುವ ದಿನ ಮಗುವಿನ ಹೆಸರು, ತೂಕ, ಲಸಿಕೆಗಳ ಜೊತೆಗೆ ಆ ಮಗುವಿನ ಈ ಮಾತು ಯಾವುದು, ಅದು ನಿಲ್ಲುವ ಮೂಲೆ ಯಾವುದು, ಕೂರುವ ಹೊತ್ತು ಯಾವುದು ಎಂಬುದನ್ನೂ ತಾಯಿಯಿಂದ ಕೇಳಿ ಬರೆದಿಟ್ಟುಕೊಳ್ಳುವ ಒಂದು ಸಾಲು ದಾಖಲೆಯಲ್ಲಿ ಇರಬೇಕಾದುದು ಅಗತ್ಯ.