ಕಿಡಿಯ ಸಾಕ್ಷ್ಯ: ಕಬ್ಬಿಣ, ಉಕ್ಕುಗಳನ್ನು ಗುರುತಿಸುವ ಸರಳ ಪರೀಕ್ಷೆಗಳು

ಬೀಡು (ಎರಕದ ಕಬ್ಬಿಣ), ಮೆದು ಉಕ್ಕು, ಗಡಸು ಉಕ್ಕು ಇವುಗಳ ನಡುವಿನ ಭೇದಕ್ಕೆ ಮುಖ್ಯ ಕಾರಣ ಇಂಗಾಲ. ಸ್ವೀಡನ್ನಿನ ರಸಾಯನಶಾಸ್ತ್ರಜ್ಞ ಟಾರ್ಬೆರ್ನ್ ಬರ್ಗ್‌ಮನ್ 1781ರಲ್ಲೇ ಇದನ್ನು ಪ್ರಯೋಗಗಳ ಮೂಲಕ ಗುರುತಿಸಿದ್ದ. ವರ್ಕ್‌ಶಾಪಿನವರು ಎಂ.ಎಸ್. ಎನ್ನುವ ಮೆದು ಉಕ್ಕಿನಲ್ಲಿ ಇಂಗಾಲ ಸುಮಾರು ಶೇ. 0.25ನ್ನು ಮೀರುವುದಿಲ್ಲ, ಅರ ಮಾಡುವ ಗಡಸು ಉಕ್ಕಿನಲ್ಲಿ ಶೇ. 1ರ ಆಸುಪಾಸು, ಬೀಡಿನಲ್ಲಿ ಶೇ. 2ರಿಂದ 4. ಆದ್ದರಿಂದ ಇಂಗಾಲದ ಸುಳಿವು ಕೊಡದ ಪರೀಕ್ಷೆಯಿಂದ ಈ ಮೂರನ್ನು ವಿಂಗಡಿಸಲಾಗದು.

ಆಯಸ್ಕಾಂತ ಸೋಲುವುದು ಇಲ್ಲಿಯೇ. ಮೂರಕ್ಕೂ ಅದು ಅಂಟುತ್ತದೆ. ಪಾತ್ರೆ ಅಂಗಡಿಯಲ್ಲಿ ಅದರ ಮೇಲಿರುವ ಭರವಸೆಗೂ ಗಟ್ಟಿ ಆಧಾರವಿಲ್ಲ. ನಿಕಲ್ ಹೆಚ್ಚಿರುವ 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿಗೆ ಅದು ಅಂಟುವುದಿಲ್ಲ, ನಿಜ. ನಿಕಲ್ ಕಡಿಮೆ ಮಾಡಿ ಮ್ಯಾಂಗನೀಸ್ ಸೇರಿಸಿದ ಅಗ್ಗದ 202ಕ್ಕೂ ಅಂಟುವುದಿಲ್ಲ. ಅಂಟುವ 430 ಕೂಡ ಸ್ಟೇನ್‌ಲೆಸ್ ಸ್ಟೀಲೇ.

ಗ್ರೈಂಡಿಂಗ್ ವೀಲಿನ ಕಿಡಿ ಹೇಳುವುದು ಹೆಚ್ಚು. ಕಿತ್ತುಬಂದ ಕಣ ಗಾಳಿಯಲ್ಲಿ ಉರಿಯುವಾಗ ಒಳಗಿನ ಇಂಗಾಲ ಅನಿಲವಾಗಿ ಕಣವನ್ನು ಸಿಡಿಸುತ್ತದೆ. ಎಂ.ಎಸ್. ತುಂಡಿನಿಂದ ಉದ್ದನೆಯ ತಿಳಿಹಳದಿ ಗೆರೆಗಳು ಹೊರಟು ಅಲ್ಲೊಂದು ಇಲ್ಲೊಂದು ಕವಲೊಡೆಯುತ್ತವೆ. ಕಮ್ಮಾರರು ಮಚ್ಚು ಬಡಿಯಲು ಬಳಸುವ ಲಾರಿ ಸ್ಪ್ರಿಂಗ್ ಪಟ್ಟಿಯಲ್ಲಿ ಈ ಕವಲುಗಳು ಹೆಚ್ಚು. ಹಳೆಯ ಅರವನ್ನು ಹಿಡಿದರೆ ವೀಲಿನ ಬುಡದಿಂದಲೇ ದಟ್ಟವಾಗಿ ಸುರುಸುರುಬತ್ತಿಯಂತೆ ಸಿಡಿಯುತ್ತದೆ.

ಆದರೆ ಸಿಡಿತಗಳನ್ನಷ್ಟೇ ಎಣಿಸಿದರೆ ಮೋಸಹೋಗುತ್ತೇವೆ. ಇಂಗಾಲ ಎಲ್ಲಕ್ಕಿಂತ ಹೆಚ್ಚಿರುವ ಬೀಡಿನ ಕಿಡಿ ಗಿಡ್ಡ, ವೀಲಿನ ಬಳಿ ಕೆಂಪು. ಟಂಗ್‌ಸ್ಟನ್ ಬೆರೆತ ಹೈಸ್ಪೀಡ್ ಸ್ಟೀಲ್ ಗಡಸಾಗಿದ್ದರೂ ಮಂಕು ಕೆಂಪು ಗೆರೆಗಳನ್ನು ಬಿಟ್ಟು ಸುಮ್ಮನಾಗುತ್ತದೆ. ಬಣ್ಣ, ಉದ್ದ, ಸಿಡಿತ ಮೂರನ್ನೂ ಒಟ್ಟಿಗೆ ನೋಡಬೇಕು; ಗುರುತಿರುವ ತುಂಡೊಂದನ್ನು ಅದೇ ವೀಲಿಗೆ, ಅಷ್ಟೇ ಒತ್ತಿ ಹಿಡಿದು ಹೋಲಿಸಬೇಕು. ಮಬ್ಬು ಬೆಳಕು ಒಳ್ಳೆಯದು. ಕನ್ನಡಕವಿಲ್ಲದೆ ಈ ಕೆಲಸ ಕೂಡದು.

ಬೀಡಿನ ಸಂಶಯವನ್ನು ಉಳಿ ತೀರಿಸುತ್ತದೆ: ಅಂಚಿಗೆ ಹೊಡೆದರೆ ಬೀಡು ಪುಡಿಪುಡಿಯಾಗಿ ಉದುರುತ್ತದೆ, ಎಂ.ಎಸ್. ಸುರುಳಿಯಾಗಿ ಏಳುತ್ತದೆ. ವೆಲ್ಡಿಂಗ್‌ಗೆ ಮುಂಚೆ ಇದನ್ನು ನೋಡಲೇಬೇಕು. ಸಾಮಾನ್ಯ ರಾಡ್‌ನಿಂದ ಬೆಸೆದ ಬೀಡು ಬೆಸುಗೆಯ ಪಕ್ಕದಲ್ಲೇ ಬಿರುಕು ಬಿಡುವುದು ಹೆಚ್ಚು.

ಎಂ.ಎಸ್. ಮತ್ತು ಗಡಸು ಉಕ್ಕಿನ ನಡುವೆ ಸಂಶಯ ಉಳಿದರೆ ಕುಲುಮೆಯೇ ಗತಿ. ತೆಳು ತುಂಡನ್ನು ಕೆಂಪಗೆ ಕಾಯಿಸಬೇಕು. ಸುಮಾರು 770 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಉಕ್ಕಿಗೆ ಆಯಸ್ಕಾಂತ ಅಂಟುವುದು ನಿಲ್ಲುತ್ತದೆ. ಆಯಸ್ಕಾಂತದ ನಿಜವಾದ ಉಪಯೋಗ ಇಲ್ಲಿದೆ. ಇನ್ನೂ ತುಸು ಕಾಯಿಸಿ ನೀರಿಗದ್ದಿದರೆ, ಗಡಸು ಉಕ್ಕಿನ ಮೇಲೆ ಅರ ಕಚ್ಚದೆ ಜಾರುತ್ತದೆ, ಸುತ್ತಿಗೆಯ ಏಟಿಗೆ ತುಂಡು ಪಟ್ಟನೆ ಮುರಿಯುತ್ತದೆ. ಎಂ.ಎಸ್. ಬಾಗುತ್ತದೆ.