ಶಾಫ್ಟಿಗೆ ಜಾಗ ಬಿಡ್ರಿ: ಪಿಕಪ್ ಕೆಳಗಿನ 350 ವರ್ಷದ ಇತಿಹಾಸ

ಭಾಗ 1/8 | ಮೇಲಿಂದು ಬಿಡ್ರಿ, ಕೆಳಗ ನೋಡ್ರಿ

ದೋಸ್ತರೇ, ಸೀಸನ್ನಿನಾಗ ಒಮ್ಮೆ ನಮ್ಮ ಗಾಂಧಿ ಗಂಜಿಗೆ ಬರ್ರಿ. ಒಮ್ಮೆ ಹೆಸರು-ಉದ್ದು, ಒಮ್ಮೆ ಸೋಯಾ, ಒಮ್ಮೆ ತೊಗರಿ. ಯಾವ ಬೆಳೆ ಬಂದರೂ ಪಿಕಪ್ಪುಗಳ ಸಾಲು ಇದ್ದೇ ಇರುತ್ತದೆ. ದಲಾಲರು ಚೀಲ ಎಣಿಸ್ತಾರ, ಹಮಾಲರು ಚೀಲ ಹೊರ್ತಾರ. ನೀವು ಮಾತ್ರ ಸ್ವಲ್ಪ ಬಗ್ಗಿ ಗಾಡಿಯ ಕೆಳಗ ನೋಡ್ರಿ.

ಎಂಜಿನ್ ಮುಂದೆ ಇದೆ, ತಿರುಗಬೇಕಾದ ಗಾಲಿ ಹಿಂದೆ ಇದೆ. ನಡುವೆ ಉದ್ದಕ್ಕೆ ಒಂದು ಕಬ್ಬಿಣದ ಪೈಪು. ಅದೇ ಪ್ರಾಪೆಲ್ಲರ್ ಶಾಫ್ಟ್. ಅದರ ಮೇಲೆ ನಾಲ್ಕು ಬೆರಳಿನಷ್ಟು ಖಾಲಿ ಜಾಗ ಕಾಣುತ್ತದೆ. ಸುಮ್ಮನೆ ಬಿಟ್ಟ ಜಾಗ ಅಂತ ಅನಿಸ್ತದ. ಅದು ಸುಮ್ಮನೆ ಬಿಟ್ಟ ಜಾಗ ಅಲ್ಲ.

ಈಗ ನಮ್ಮ ಕ್ಲಾಸಿನ ಗ್ರೂಪಿನಾಗ ದಿನಾ ಒಂದು ರೀಲ್ ಬರ್ತದ: ಅಮೆರಿಕಾದ ಹಳೇ ಪಿಕಪ್, ಹೊಟ್ಟೆ ನೆಲಕ್ಕೆ ತಾಗುವಷ್ಟು ತಗ್ಗು. ಕೆಳಗೆ ಕಾಮೆಂಟ್: "ಮನೀದು ಹಳೇ ಗಾಡಿ ಹಿಂಗ ಮಾಡ್ಸಿದ್ರ ಹ್ಯಾಂಗ?" ಈ ಸರಣಿ ಆ ಪ್ರಶ್ನೆಗೆ. ಉತ್ತರ ಆ ನಾಲ್ಕು ಬೆರಳಿನ ಜಾಗದಾಗ ಅದ.

ಭಾಗ 2/8 | ಒಂದೇ ಪುಸ್ತಕ, ಎರಡು ಭಾಗ

ಶಾಫ್ಟಿನ ಎರಡೂ ತುದಿಗೆ ಒಂದೊಂದು ಜಾಯಿಂಟ್ ಇರುತ್ತದೆ. ಒಳಗೆ ಅಧಿಕ ಚಿಹ್ನೆಯ ಆಕಾರದ ತುಂಡು. ಗ್ಯಾರೇಜಿನಲ್ಲಿ ಅದಕ್ಕೆ ಕ್ರಾಸ್ ಅಂತಾರ. ಶಾಫ್ಟ್ ಓರೆಯಾಗಿದ್ದರೂ ತಿರುಗುವುದು ಈ ಜಾಯಿಂಟಿನಿಂದ.

ಇದಕ್ಕೆ ಕಾರ್ಡನ್ ಜಾಯಿಂಟ್ ಅಂತಲೂ ಹೆಸರಿದೆ. 16ನೇ ಶತಮಾನದ ಇಟಲಿಯ ಗಣಿತಜ್ಞ ಜೆರೊಲಾಮೊ ಕಾರ್ಡಾನೊನಿಂದ (1501–1576) ಬಂದ ಹೆಸರು. ಆದರೆ ಇದರ ಗುಣ-ದೋಷ ಬರೆದು ತೋರಿಸಿದವನು ಇಂಗ್ಲೆಂಡಿನ ರಾಬರ್ಟ್ ಹುಕ್, 1676ರ ಪುಸ್ತಕದಲ್ಲಿ. ಅವನಿಗೆ ಇದು ಬೇಕಾಗಿದ್ದು ಗಾಡಿಗಲ್ಲ, ಸೂರ್ಯ-ನಕ್ಷತ್ರ ನೋಡುವ ಉಪಕರಣಗಳಿಗೆ.

ಮಜಾ ಏನಂದ್ರ, ಅದೇ ಪುಸ್ತಕದಲ್ಲಿ ಹುಕ್ ಅಕ್ಷರಗಳನ್ನು ಕಲಸಿ ಒಂದು ಒಗಟು ಬರೆದಿಟ್ಟಿದ್ದ. 1678ರಲ್ಲಿ ಅದನ್ನು ತಾನೇ ಬಿಡಿಸಿದ: ಸ್ಪ್ರಿಂಗ್ ಮೇಲೆ ಎಷ್ಟು ಭಾರವೋ ಅಷ್ಟು ಬಾಗು. ಪಿಯುಸಿ ಸೈನ್ಸಿನವರು ಓದಿದ ಹುಕ್‌ನ ನಿಯಮ ಇದೇ. ಅಂದರೆ ನಿಮ್ಮ ಪಿಕಪ್ ಕೆಳಗಿನ ಜಾಯಿಂಟ್, ಪಕ್ಕದ ಕಮಾನ್ ಪಟ್ಟಿ, ಎರಡಕ್ಕೂ ಒಬ್ಬನೇ ಲೆಕ್ಕ ಬರೆದವನು.

ಹುಕ್ ಜಾಯಿಂಟಿನ ದೋಷ ಹೀಗೆ: ಓರೆಯಾಗಿ ತಿರುಗುವಾಗ ಆಚೆ ಕಡೆಯ ವೇಗ ಒಂದೇ ಸಮ ಇರುವುದಿಲ್ಲ. ಒಂದು ಸುತ್ತಿಗೆ ಎರಡು ಸಲ ಹೆಚ್ಚಾಗುತ್ತದೆ, ಎರಡು ಸಲ ಕಡಿಮೆಯಾಗುತ್ತದೆ. ಓರೆ 10 ಡಿಗ್ರಿ ಇದ್ದರೆ ಈ ಏರಿಳಿತ ಸುಮಾರು ಶೇ 1.5. ಓರೆ 30 ಡಿಗ್ರಿ ಆದರೆ ಶೇ 13ರಿಂದ 15. ಅದಕ್ಕೇ ಶಾಫ್ಟಿಗೆ ಎರಡು ಜಾಯಿಂಟ್. ಮುಂದಿನ ಜಾಯಿಂಟ್ ಮಾಡಿದ ಏರಿಳಿತವನ್ನು ಹಿಂದಿನದು ಸರಿ ಮಾಡುತ್ತದೆ. ಆದರೆ ಷರತ್ತು ಅದ: ಎರಡೂ ಕಡೆ ಓರೆ ಸಮ ಇರಬೇಕು. ಈ ಷರತ್ತು ನೆನಪಿಡ್ರಿ, ಮುಂದೆ ಬರ್ತದ.

ಭಾಗ 3/8 | ಚೈನ್ ಹೋಯ್ತು, ಶಾಫ್ಟ್ ಬಂತು

ಮೊದಲ ಮೋಟಾರು ಗಾಡಿಗಳಲ್ಲಿ ಬಹಳಷ್ಟಕ್ಕೆ ಸೈಕಲ್ಲಿನ ಹಾಗೆ ಚೈನ್ ಇತ್ತು. ಧೂಳು, ಕೆಸರು, ಸದ್ದು. ಅಮೆರಿಕಾದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಕ್ಲಾರೆನ್ಸ್ ಸ್ಪೈಸರ್ ಎಂಬ ವಿದ್ಯಾರ್ಥಿ 1903ರಲ್ಲಿ ಗಾಡಿಗೆ ಒಗ್ಗುವ ಜಾಯಿಂಟಿಗೆ ಪೇಟೆಂಟ್ ಪಡೆದ. 1904ರಲ್ಲಿ ಮಾಡಿ ಮಾರಲು ಶುರು ಮಾಡಿದ. ಅವನ ಕಂಪನಿಯೇ ಮುಂದೆ ಡಾನಾ ಆಯಿತು. ಸ್ಪೈಸರ್ ಹೆಸರು ಇವತ್ತಿಗೂ ಬಿಡಿಭಾಗದ ಡಬ್ಬಿಗಳ ಮೇಲೆ ಕಾಣುತ್ತದೆ.

ಅದೇ ಕಾಲದಲ್ಲಿ ಫ್ರಾನ್ಸಿನಲ್ಲಿ ತೋಪು ಮಾಡುತ್ತಿದ್ದ ಹಾಚ್‌ಕಿಸ್ ಕಂಪನಿ ಕಾರು ಮಾಡಲು ಇಳಿಯಿತು. ತೆರೆದ ಶಾಫ್ಟ್, ಹಿಂದೆ ಎರಡು ಕಮಾನ್ ಪಟ್ಟಿ, ಅವಕ್ಕೆ ಯು-ಬೋಲ್ಟಿನಿಂದ ಬಿಗಿದ ಆಕ್ಸಲ್. ಈ ಜೋಡಣೆಗೆ ಹಾಚ್‌ಕಿಸ್ ಡ್ರೈವ್ ಅಂತಲೇ ಹೆಸರು. ಗಂಜಿನಲ್ಲಿ ನಿಂತ ಹೆಚ್ಚಿನ ಪಿಕಪ್ಪುಗಳ ಹಿಂಭಾಗ ಇವತ್ತಿಗೂ ಇದೇ.

ಇದರಲ್ಲಿ ಗೇರ್‌ಬಾಕ್ಸ್ ಚಾಸಿಗೆ ಕೂತಿರುತ್ತದೆ, ಅದು ಅಲ್ಲಾಡುವುದಿಲ್ಲ. ಆಕ್ಸಲ್ ಮಾತ್ರ ಗುಂಡಿ ಬಂದಾಗೆಲ್ಲ ಮೇಲೆ ಕೆಳಗೆ ಕುಣಿಯುತ್ತದೆ. ಅದರ ಜೊತೆ ಶಾಫ್ಟಿನ ಹಿಂದಿನ ತುದಿಯೂ ಕುಣಿಯಬೇಕು. ಅದು ಕುಣಿಯಲು ಬಿಟ್ಟಿದ್ದೇ ಆ ಖಾಲಿ ಜಾಗ.

ಗಾಡಿ ಉದ್ದ ಆದಾಗ ಇನ್ನೊಂದು ತೊಂದರೆ. ಉದ್ದ ಪೈಪು ಜೋರಾಗಿ ತಿರುಗಿದರೆ ನಡುವೆ ಹಗ್ಗದ ಹಾಗೆ ಬಾಗಿ ಬೀಸುತ್ತದೆ. ಉದ್ದ ಅರ್ಧ ಮಾಡಿದರೆ ಪೈಪು ತಡೆಯುವ ವೇಗ ನಾಲ್ಕು ಪಟ್ಟು ಆಗುತ್ತದೆ. ಅದಕ್ಕೇ ಉದ್ದ ಗಾಡಿಗಳಲ್ಲಿ ಶಾಫ್ಟನ್ನು ಎರಡು ತುಂಡು ಮಾಡಿ, ನಡುವೆ ಸೆಂಟರ್ ಬೇರಿಂಗ್ ಹಾಕಿ, ಚಾಸಿಗೆ ತೂಗುಹಾಕಿದರು.

ಭಾಗ 4/8 | ನಮ್ಮ ಕಡೆ ಹ್ಯಾಂಗ ಬಂತು

ಎತ್ತಿನ ಬಂಡಿಗೆ ಶಾಫ್ಟ್ ಇಲ್ಲ. ಎಳೆಯುವ ಶಕ್ತಿ ಮುಂದೆ, ಗಾಲಿ ಸುಮ್ಮನೆ ಉರುಳುತ್ತದೆ. ನಮ್ಮ ಬೀದರ್ ಆಗ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಆ ಸಂಸ್ಥಾನದಲ್ಲಿ 1932ರಲ್ಲಿ ನಿಜಾಮರ ರೈಲ್ವೆಯೇ 27 ಬಸ್ಸುಗಳಿಂದ ರಸ್ತೆ ಸಾರಿಗೆ ಶುರು ಮಾಡಿತು. 1940ರ ದಶಕದ ಕೊನೆಗೆ ಮಹೀಂದ್ರ ಬೊಂಬಾಯಿಯಲ್ಲಿ ವಿಲ್ಲಿಸ್ ಜೀಪ್ ಜೋಡಿಸತೊಡಗಿತು. 1954ರಲ್ಲಿ ಟಾಟಾ, ಡೈಮ್ಲರ್-ಬೆಂಜ್ ಜೊತೆ ಸೇರಿ ಲಾರಿ ತಂದಿತು. 1956ರ ನವೆಂಬರ್ 1ಕ್ಕೆ ಬೀದರ್ ಮೈಸೂರು ರಾಜ್ಯಕ್ಕೆ ಸೇರಿತು. 1986ರಲ್ಲಿ ಟಾಟಾ 407 ಬಂತು, 2005ರಲ್ಲಿ ಟಾಟಾ ಏಸ್.

ಇವುಗಳ ಗಾತ್ರ ಬೇರೆ ಬೇರೆ. ಆದರೆ 407 ಆಗಲಿ, ಸಣ್ಣ ಏಸ್ ಆಗಲಿ, ಹಿಂದಿನ ಗಾಲಿಗೆ ಶಕ್ತಿ ಹೋಗುವುದು ಶಾಫ್ಟಿನಿಂದಲೇ. ಭಾಲ್ಕಿ, ಔರಾದ್ ಕಡೆಯ ಹಳ್ಳಿಯಿಂದ ಗಂಜಿಗೆ ಮಾಲು ಮುಟ್ಟುವುದು ಆ ಪೈಪು ತಿರುಗಿದರೆ ಮಾತ್ರ.

ಭಾಗ 5/8 | ಅಲ್ಲಿ ತಗ್ಗು ಮಾಡಿದ್ದು ಯಾಕ?

ಎರಡನೇ ಮಹಾಯುದ್ಧದ ನಂತರ ಕ್ಯಾಲಿಫೋರ್ನಿಯಾದಲ್ಲಿ ಹಳೇ ಕಾರುಗಳನ್ನು ತಗ್ಗಿಸಿ ಓಡಿಸುವುದು ಒಂದು ಹವ್ಯಾಸವಾಯಿತು, ಹೆಚ್ಚಾಗಿ ಮೆಕ್ಸಿಕನ್ ಮೂಲದ ಯುವಕರಲ್ಲಿ. ಸರ್ಕಾರ 1958ರಲ್ಲಿ ಕಾನೂನು ತಂದಿತು: ಗಾಲಿಯ ರಿಮ್ಮಿನ ಕೆಳ ಅಂಚಿಗಿಂತ ಗಾಡಿಯ ಯಾವ ಭಾಗವೂ ತಗ್ಗಿರಬಾರದು. 1959ರಲ್ಲಿ ರಾನ್ ಅಗೀರೆ ಎಂಬಾತ ತನ್ನ ಕಾರ್ವೆಟ್ ಕಾರಿಗೆ ಹೈಡ್ರಾಲಿಕ್ ಹಾಕಿದ. ಪೊಲೀಸರು ಕಂಡರೆ ಗಾಡಿ ಎತ್ತರ, ಹೋದರೆ ಮತ್ತೆ ತಗ್ಗು!

ಮುಂದೆ ಪಿಕಪ್ಪುಗಳ ಸರದಿ. ಷೆವರ್ಲೆ ಸಿ-10, ಫೋರ್ಡ್ ಎಫ್-100, ಆಮೇಲೆ ಜಪಾನಿನ ಸಣ್ಣ ಪಿಕಪ್ಪುಗಳು. ಪಟ್ಟಿ ಆಕ್ಸಲ್ ಮೇಲೆ ಕೂತಿದ್ದ ಗಾಡಿಗಳಲ್ಲಿ ಅದನ್ನು ಬಿಚ್ಚಿ ಆಕ್ಸಲ್ ಕೆಳಗೆ ಕೂಡಿಸಿದರು. ಗಾಡಿ ಒಮ್ಮೆಗೇ ಇಳಿಯಿತು. ವಿಲ್ಲಿಸ್ ಜೀಪಿನಲ್ಲಿ ಪಟ್ಟಿ ಮೊದಲೇ ಆಕ್ಸಲ್ ಕೆಳಗಿದೆ. ಅದಕ್ಕೆ ಜೀಪಿನವರು ಉಲ್ಟಾ ಕೆಲಸ ಮಾಡ್ತಾರ, ಪಟ್ಟಿ ಮೇಲೆ ಹಾಕಿ ಗಾಡಿ ಎತ್ತರಿಸ್ತಾರ.

ಒಂದು ಮಾತು ಗಮನಿಸ್ರಿ. ರೀಲಿನಾಗ ಕಾಣುವ ಹಳೇ ಪಿಕಪ್ ದುಡಿಮೆಯಿಂದ ನಿವೃತ್ತಿಯಾದ ಗಾಡಿ. ಅದು ಮೆರವಣಿಗೆಗೆ ಹೋಗ್ತದ, ಗಂಜಿಗೆ ಅಲ್ಲ.

ಭಾಗ 6/8 | ಲೆಕ್ಕ ಹಾಕೋಣ

ಗಾಡಿ ತಗ್ಗಿಸುವುದು ಅಂದರೆ ಚಾಸಿ ಕೆಳಗೆ ಬರುವುದು. ಗಾಲಿ, ಆಕ್ಸಲ್ ಇದ್ದಲ್ಲೇ ಇರುತ್ತವೆ. ಚಾಸಿಯ ಕಡೆಯಿಂದ ನೋಡಿದರೆ ಆಕ್ಸಲ್ ಮೇಲೆ ಏರಿದ ಹಾಗೆ.

ಶಾಫ್ಟ್ 1.5 ಮೀಟರ್ ಉದ್ದ, ಗಾಡಿ 4 ಇಂಚು ತಗ್ಗಿಸಿದಿರಿ ಅಂತ ಇಟ್ಕೊಳ್ರಿ. ಶಾಫ್ಟಿನ ಹಿಂದಿನ ತುದಿ 4 ಇಂಚು ಮೇಲೇರುತ್ತದೆ, ನಡುಭಾಗ 2 ಇಂಚು. ಓರೆ ಸುಮಾರು 4 ಡಿಗ್ರಿ ಬದಲಾಗುತ್ತದೆ. ಆಗ ಮೂರು ತೊಂದರೆ.

ಒಂದು, ಶಾಫ್ಟ್ ಮೇಲಿನ ಅಡ್ಡ ಪಟ್ಟಿಗೋ ಬಾಡಿಯ ತಳಕ್ಕೋ ಬಡಿಯುತ್ತದೆ. ಬಲ್ಲವರು ಅಡ್ಡ ಪಟ್ಟಿಯನ್ನು ಕಮಾನಿನಂತೆ ಕತ್ತರಿಸಿ, ಹೋದ ಬಲ ತುಂಬಲು ಸುತ್ತ ದಪ್ಪ ಪ್ಲೇಟು ಕೂಡಿಸ್ತಾರ. ಸೆಂಟರ್ ಬೇರಿಂಗ್ ಇದ್ದರೆ ಅದರ ಬ್ರಾಕೆಟ್ ಮೇಲೆ ಸರಿಸ್ತಾರ. ಸಣ್ಣ ಪೈಪು ಹಾಕಿದ್ರೂ ಜಾಗ ಸಿಗ್ತದ, ಆದರೆ ಸಣ್ಣ ಪೈಪು ಬೇಗ ಬೀಸುತ್ತದೆ.

ಎರಡು, ಆಕ್ಸಲ್ ಚಾಸಿಗೆ ಬಡಿಯುತ್ತದೆ. ಅದಕ್ಕೆ ಆಕ್ಸಲ್ ಮೇಲೆ ಚಾಸಿಯನ್ನು ಅರ್ಧಚಂದ್ರದಂತೆ ಕತ್ತರಿಸಿ ಬಲಪಡಿಸಬೇಕು.

ಮೂರು, ಭಾಗ 2ರ ಷರತ್ತು. ಎರಡು ಜಾಯಿಂಟಿನ ಓರೆ ಈಗ ಸಮ ಇಲ್ಲದಿದ್ದರೆ ವೇಗದ ಏರಿಳಿತ ರದ್ದಾಗುವುದಿಲ್ಲ. ಗಾಡಿ ನಡುಗುತ್ತದೆ, ಕ್ರಾಸ್ ಬೇಗ ಸವೆಯುತ್ತದೆ. ಪಟ್ಟಿ ಮತ್ತು ಆಕ್ಸಲ್ ನಡುವೆ ಓರೆ ತುಂಡು ಇಟ್ಟು ಇದನ್ನು ಸರಿಪಡಿಸ್ತಾರ. ಓರೆ ಸೊನ್ನೆಯೂ ಆಗಬಾರದು. ಜಾಯಿಂಟಿನೊಳಗಿನ ಸೂಜಿ ಬೇರಿಂಗುಗಳು ಸ್ವಲ್ಪ ಉರುಳುತ್ತಲೇ ಇರಬೇಕು, ಒಂದೇ ಕಡೆ ಕೂತರೆ ಅಲ್ಲೇ ಗುಳಿ ಬೀಳುತ್ತದೆ.

ಭಾಗ 7/8 | ಗಂಜಿನಾಗ ದಿನಾ ಆಗುವ ಲೋವರಿಂಗ್

ಈಗ ಹುಕ್‌ನ ಎರಡನೇ ಮಾತಿಗೆ ಬರೋಣ. ಭಾರ ಹಾಕಿದಷ್ಟೂ ಪಟ್ಟಿ ಬಾಗುತ್ತದೆ. ಅಂದರೆ ಖಾಲಿ ಪಿಕಪ್ಪಿಗೆ ತೊಗರಿ ಚೀಲ ಹೇರಿದಾಗಲೂ ಚಾಸಿ ಕೆಳಗೆ ಬರುತ್ತದೆ, ಶಾಫ್ಟ್ ಮೇಲೆ ಏರುತ್ತದೆ. ಅಮೆರಿಕಾದವರು ಕತ್ತರಿಸಿ ಮಾಡಿದ್ದನ್ನು ನಮ್ಮಲ್ಲಿ ಚೀಲ ಮಾಡ್ತವ. ಮಾಲು ಇಳಿಸಿದ ಮೇಲೆ ಗಾಡಿ ಮತ್ತೆ ಏಳುತ್ತದೆ, ಇಷ್ಟೇ ವ್ಯತ್ಯಾಸ.

ಆ ಖಾಲಿ ಜಾಗ ಈ ಭಾರಕ್ಕೆ, ಭಾರದ ಮೇಲೆ ಗುಂಡಿಗೆ ಅಂತ ಬಿಟ್ಟದ್ದು. ಕಾಸ್ಟಿಂಗ್ ಕ್ಲಾಸಿನಾಗ ಮಾರ್ಜಿನ್ ಆಫ್ ಸೇಫ್ಟಿ ಓದೀವಲ್ಲ? ಬ್ರೇಕ್-ಈವನ್ ದಾಟಿ ಎಷ್ಟು ಮಾರಾಟ ಅದ ಅನ್ನೋದು. ಅದು ಕರಗಿದ ದಿನದಿಂದ ನಷ್ಟ. ಶಾಫ್ಟ್ ಮೇಲಿನ ನಾಲ್ಕು ಬೆರಳು ಗಾಡಿಯ ಮಾರ್ಜಿನ್ ಆಫ್ ಸೇಫ್ಟಿ. ಓವರ್‌ಲೋಡ್ ಅದನ್ನೇ ತಿನ್ನುತ್ತದೆ.

ಮೊದಲೇ ತಗ್ಗಿಸಿದ ಗಾಡಿಗೆ ಮಾಲು ಹೇರಿದರೆ ಇಳಿಯಲು ಜಾಗವೇ ಉಳಿದಿಲ್ಲ. ಮೊದಲ ಗುಂಡಿಗೇ ಕಬ್ಬಿಣಕ್ಕೆ ಕಬ್ಬಿಣ ಬಡಿಯುತ್ತದೆ. ಓಡುವಾಗ ಮುಂದಿನ ಜಾಯಿಂಟ್ ಕಿತ್ತರೆ ಶಾಫ್ಟಿನ ತುದಿ ರಸ್ತೆಗೆ ಬಿದ್ದು ನಾಟುತ್ತದೆ, ಇಲ್ಲವೇ ತಿರುಗುತ್ತಲೇ ಬ್ರೇಕ್ ಪೈಪನ್ನು ಹೊಡೆಯುತ್ತದೆ. ಬಸ್ಸು-ಲಾರಿಗಳ ಕೆಳಗೆ ಶಾಫ್ಟನ್ನು ಸುತ್ತಿದ ಕಬ್ಬಿಣದ ಬಳೆ ನೋಡಿದ್ರ, ಅದು ಇದಕ್ಕೇ. ಚೀಲದ ಮೇಲೆ ಕೂತು ಊರಿಗೆ ಮರಳುವ ಹಮಾಲರಿಗೆ ಆ ಪೈಪು ಕಾಣುವುದಿಲ್ಲ. ಅವರ ಜೀವ ಮಾತ್ರ ಅದರ ಮೇಲೆಯೇ ಇರುತ್ತದೆ.

ಭಾಗ 8/8 | ಹಂಗಾದ್ರ ಮಾಡಿಸಬೇಕೋ ಬ್ಯಾಡೋ?

ಕಾನೂನು ಮೊದಲು. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ ಗಾಡಿಯ ಮೂಲ ರೂಪ ಬದಲಿಸುವುದನ್ನು ತಡೆಯುತ್ತದೆ. ಆರ್‌ಸಿಯಲ್ಲಿರುವ ವಿವರ ಕಂಪನಿ ಕೊಟ್ಟ ಮೂಲ ವಿವರಕ್ಕಿಂತ ಬೇರೆಯಾಗುವಂತೆ ಗಾಡಿ ಬದಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿ 9ರಂದು ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಇಂಥ ಒಂದೊಂದು ಬದಲಾವಣೆಗೆ ಮಾಲೀಕರಿಗೆ 5,000 ರೂಪಾಯಿ ದಂಡ, ಇಲ್ಲವೇ 6 ತಿಂಗಳವರೆಗೆ ಜೈಲು, ಅಥವಾ ಎರಡೂ. ಓವರ್‌ಲೋಡಿಗೆ ಕೇಂದ್ರ ಕಾನೂನಿನಲ್ಲಿ 20,000 ರೂಪಾಯಿ, ಮೇಲೆ ಹೆಚ್ಚುವರಿ ಟನ್ನಿಗೆ 2,000. ಹಾಗಾಗಿ ದಿನಾ ದುಡಿಯುವ ಮನೆಯ ಗಾಡಿಗೆ ನನ್ನ ಉತ್ತರ: ಬ್ಯಾಡ.

ರೀಲ್ ನೋಡಿ ಖುಷಿ ಪಡ್ರಿ. ಅದರಲ್ಲಿ ನಿಜವಾದ ಕೈಕೆಲಸ ಅದ. ಆದರೆ ಅವರು ಗಾಡಿ ತಗ್ಗಿಸಿದ್ದು ಮಾತ್ರ ಕಾಣ್ತದ, ಶಾಫ್ಟಿಗೆ ಜಾಗ ಮಾಡಿಕೊಟ್ಟ ವಾರಗಟ್ಟಲೆ ಕೆಲಸ ಕಾಣೋದಿಲ್ಲ.

ಅದರ ಬದಲು ಈ ವಾರ ಒಂದು ಕೆಲಸ ಮಾಡ್ರಿ. ಗಾಡಿ ಖಾಲಿ ಇದ್ದಾಗ ಶಾಫ್ಟಿನ ಮೇಲೆ ಎಷ್ಟು ಬೆರಳು ಜಾಗ ಅದ ನೋಡ್ರಿ. ಮಾಲು ಹೇರಿದ ಮೇಲೆ ಎಂಜಿನ್ ಬಂದ್ ಮಾಡಿ, ಹ್ಯಾಂಡ್‌ಬ್ರೇಕ್ ಎಳೆದು, ಕೆಳಗೆ ನುಸುಳದೆ ಬಾಜುವಿನಿಂದ ಬಗ್ಗಿ ಮತ್ತೆ ನೋಡ್ರಿ. ಅಡ್ಡ ಪಟ್ಟಿಯ ಮೇಲೆ ಹೊಳೆಯುವ ಉಜ್ಜಿದ ಗೆರೆ ಕಂಡರೆ ಶಾಫ್ಟ್ ಈಗಾಗಲೇ ಅಲ್ಲಿಗೆ ಮುಟ್ಟಿದೆ ಅಂತ ಅರ್ಥ. ಅವತ್ತೇ ಉಸ್ತಾದರಿಗೆ ತೋರಿಸ್ರಿ, ಮನೆಯಲ್ಲಿ ಅಪ್ಪಗೋ ಕಾಕಾಗೋ ಹೇಳ್ರಿ, ಮರುದಿನದ ಲೋಡಿನಲ್ಲಿ ನಾಲ್ಕು ಚೀಲ ಕಡಿಮೆ ಮಾಡ್ರಿ.

ಎಷ್ಟು ಬೆರಳು ಸಿಕ್ತು, ಕಾಮೆಂಟಿನಾಗ ಬರೀರಿ. ಭಾಲ್ಕಿ, ಔರಾದ್ ದೋಸ್ತರು, ನಿಮ್ಮ ಕಡೆ ಗ್ಯಾರೇಜಿನಾಗ ಕ್ರಾಸಿಗೆ ಬೇರೆ ಹೆಸರಿದ್ರ ಅದನ್ನೂ ಹೇಳ್ರಿ.

#ಗಾಂಧಿಗಂಜ #ಬೀದರ್ #ಭಾಲ್ಕಿ #ಔರಾದ್ #ಪಿಕಪ್ #ಗಾಡಿಇತಿಹಾಸ